ತರಕಾರಿ ನಿಜವಾಗಿಯೂ ಡಿಎನ್‌ಎಯನ್ನು ಕಾಯುತ್ತದೆಯೇ? ಗೊತ್ತಿದ್ದವರು ಬಿಡಿಸಿ ಹೇಳಿ

ತಂಗಾಳಿ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಅಮ್ಮ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ನನಗೂ ಬರಬಹುದಾ? ಅಮ್ಮನಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ನೀವು ಕರುಳಿನ ತಪಾಸಣೆ ಶುರು ಮಾಡಿಸಿಕೊಳ್ಳಿ ಅಂತ ಡಾಕ್ಟರ್ ಹೇಳಿದ್ದಾರೆ. ಆ ವಯಸ್ಸು ಬಂದಾಯಿತು. ಇನ್ನೂ ಮಾಡಿಸಿಲ್ಲ. ಭಯ.

ಈ ನಡುವೆ ಬಂಧುಗಳು ದಿನಕ್ಕೊಂದು ಮೆಸೇಜ್ ಕಳಿಸುತ್ತಾರೆ. ಈ ಸೊಪ್ಪು ಜೀನ್ ರಿಪೇರಿ ಮಾಡುತ್ತದೆ, ಆ ಕೋಸು ಕ್ಯಾನ್ಸರ್ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳುತ್ತದೆ ಅಂತ. ಒಬ್ಬರು ಸಲ್ಫೊರಾಫೇನ್ ಅನ್ನುವ ಮಾತ್ರೆಯ ಬಾಟಲಿಯನ್ನೇ ತಂದುಕೊಟ್ಟಿದ್ದಾರೆ. ಮುಚ್ಚಳ ತೆಗೆದಿಲ್ಲ. ನನಗೆ ಬೇಕಿರುವುದು ಇಷ್ಟೇ. ತಟ್ಟೆಯಲ್ಲಿರುವ ತರಕಾರಿಗೂ ನನ್ನ ಜೀವಕೋಶದ ಒಳಗಿನ ಡಿಎನ್‌ಎಗೂ ನಿಜವಾದ ಸಂಬಂಧ ಇದೆಯಾ? ಇದ್ದರೆ ಅದು ಹೇಗೆ ನಡೆಯುತ್ತದೆ? ಸುಮ್ನೆ "ತರಕಾರಿ ಒಳ್ಳೇದು, ತಿನ್ನಿ" ಅನ್ನಬೇಡಿ, ದಯವಿಟ್ಟು.

ಕೋಶಬಂಧು:

ತಂಗಾಳಿಯವರೇ, ಮೊದಲು ತಪಾಸಣೆಯ ಮಾತು. ಕರುಳಿನ ಕ್ಯಾನ್ಸರ್ ಹೆಚ್ಚಿನ ಸಲ ಒಂದು ಪುಟ್ಟ ಗಂಟಾಗಿ ಶುರುವಾಗುತ್ತದೆ. ಅದಕ್ಕೆ ಪಾಲಿಪ್ ಅನ್ನುತ್ತಾರೆ. ಅದು ಕೆಟ್ಟದ್ದಾಗಿ ಬದಲಾಗಲು ವರ್ಷಗಟ್ಟಲೆ ಬೇಕು. ಕರುಳಿನೊಳಗೆ ಕ್ಯಾಮೆರಾ ನಳಿಗೆ ಹಾಯಿಸಿ ನೋಡುವ ಕೊಲೊನೊಸ್ಕೊಪಿಯಲ್ಲಿ ಕಂಡರೆ ಹೆಚ್ಚಿನ ಸಲ ಅಲ್ಲೇ ತೆಗೆದುಬಿಡುತ್ತಾರೆ. ಯಾವ ತರಕಾರಿಯೂ ಆ ಕೆಲಸ ಮಾಡುವುದಿಲ್ಲ. ಈ ವಾರವೇ ದಿನ ಗೊತ್ತು ಮಾಡಿಕೊಳ್ಳಿ.

ಈಗ ನಿಮ್ಮ ಪ್ರಶ್ನೆ. ನಾನು ಒಂಬತ್ತು ವರ್ಷ ಡಿಎನ್‌ಎ ಹಾನಿ ಅಳೆಯುವ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು. ಗೊತ್ತಿರುವಷ್ಟು ಹೇಳುತ್ತೇನೆ.

ನಮ್ಮ ಒಂದೊಂದು ಜೀವಕೋಶದ ಡಿಎನ್‌ಎಗೂ ದಿನಕ್ಕೆ ಹತ್ತಾರು ಸಾವಿರ ಪೆಟ್ಟು ಬೀಳುತ್ತವೆ. ಹೊಗೆ, ಬಿಸಿಲು ಎಲ್ಲ ಆಮೇಲೆ. ಕೋಶ ಆಮ್ಲಜನಕ ಬಳಸಿ ಬದುಕುವುದರಿಂದಲೇ ಎಷ್ಟೋ ಪೆಟ್ಟು ಬೀಳುತ್ತವೆ. ಡಿಎನ್‌ಎಯಲ್ಲಿ ನಾಲ್ಕು ಅಕ್ಷರ ಇರುತ್ತವೆ ಅಂತ ಶಾಲೆಯಲ್ಲಿ ಓದಿರುತ್ತೀರಿ. ಅದರಲ್ಲಿ ಗ್ವಾನಿನ್ ಅನ್ನುವುದಕ್ಕೆ ಒಂದು ಆಮ್ಲಜನಕ ಬಂದು ಅಂಟಿಕೊಂಡರೆ, ಅದು ತನ್ನ ಜೋಡಿ ಸೈಟೊಸಿನ್ ಬಿಟ್ಟು ಅಡೆನಿನ್ ಜತೆ ಕೂರುತ್ತದೆ. ಕೋಶ ಎರಡಾಗುವಾಗ ಆ ತಪ್ಪೇ ನಕಲಾಗುತ್ತದೆ.

ಆದರೆ ಕೋಶ ಕೈಕಟ್ಟಿ ಕೂತಿಲ್ಲ. ಕೆಟ್ಟ ಅಕ್ಷರವನ್ನು ಕಿತ್ತು ಸರಿಯಾದದ್ದನ್ನು ಕೂರಿಸುವ ಕಿಣ್ವಗಳು ಹಗಲೂ ರಾತ್ರಿ ಓಡಾಡುತ್ತಿರುತ್ತವೆ. ಈ ರಿಪೇರಿ ಹೇಗೆ ನಡೆಯುತ್ತದೆ ಅಂತ ತೋರಿಸಿದ್ದಕ್ಕೆ ತೋಮಸ್ ಲಿಂಡಾಲ್, ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಬಂತು. ಆದ್ದರಿಂದ ನಿಮ್ಮ ಬಂಧುಗಳ ಮೆಸೇಜ್‌ನಲ್ಲಿ ಮೊದಲು ತಿದ್ದಬೇಕಾದ ಮಾತು ಇದು. ರಿಪೇರಿ ಮಾಡುವುದು ನಿಮ್ಮ ಕೋಶ. ಸೊಪ್ಪು ಬಂದು ಡಿಎನ್‌ಎಗೆ ತೇಪೆ ಹಾಕುವುದಿಲ್ಲ.

ಹಾಗಾದರೆ ತರಕಾರಿಯ ಪಾಲು ಏನು? ತುಂಬಾ ಚೆನ್ನಾಗಿ ಗೊತ್ತಿರುವ ಒಂದೇ ಒಂದು ದಾರಿ ಹೇಳುತ್ತೇನೆ. ಕೋಶದಲ್ಲಿ ಎನ್‌ಆರ್‌ಎಫ್2 ಅನ್ನುವ ಪ್ರೋಟೀನ್ ಸದಾ ತಯಾರಾಗುತ್ತಿರುತ್ತದೆ. ಕೀಪ್1 ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಹಿಡಿದು ಚೂರಾಗಲು ಕಳಿಸುತ್ತಿರುತ್ತದೆ. ಬ್ರೊಕೊಲಿಯಿಂದ ಬರುವ ಸಲ್ಫೊರಾಫೇನ್ ಹೋಗಿ ಈ ಕೀಪ್1ಗೆ ಅಂಟಿಕೊಳ್ಳುತ್ತದೆ. ಹಿಡಿತ ಸಡಿಲವಾಗುತ್ತದೆ. ಬಿಡುಗಡೆಯಾದ ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ವಿಷವನ್ನು ನೀರಲ್ಲಿ ಕರಗುವ ಹಾಗೆ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುವ ಕಿಣ್ವಗಳು ಆಗ ಜಾಸ್ತಿ ತಯಾರಾಗುತ್ತವೆ. ಡಿಎನ್‌ಎ ಹತ್ತಿರ ಹೋಗುವ ಮೊದಲೇ ವಿಷ ಹೊರಗೆ. ಸಲ್ಫೊರಾಫೇನ್ ಒಂದು ದಿನದೊಳಗೆ ದೇಹ ಬಿಟ್ಟು ಹೋಗುತ್ತದೆ. ಅದು ಎಬ್ಬಿಸಿದ ಕಿಣ್ವಗಳು ಮಾತ್ರ ಅದಾದ ಮೇಲೂ ಕೆಲಸ ಮಾಡುತ್ತಿರುತ್ತವೆ. ನನಗೆ ಇವತ್ತಿಗೂ ಅಚ್ಚರಿ ಅನ್ನಿಸುವುದು ಇದೇ.

ಮೂರುಸಂಜೆ:

ಸರ್, ಡಿಎನ್‌ಎ ಹಾನಿಯನ್ನು ಅಳೆಯುವುದು ಹೇಗೆ? ಕಣ್ಣಿಗೆ ಕಾಣುತ್ತದಾ? ತರಕಾರಿ ತಿಂದವರಲ್ಲಿ ಅದು ಕಡಿಮೆ ಆಗಿದ್ದನ್ನು ಯಾರಾದರೂ ನೋಡಿದ್ದಾರಾ?

ಕೋಶಬಂಧು:

ಕಾಣುತ್ತದೆ. ಕಾಮೆಟ್ ಪರೀಕ್ಷೆ ಅಂತ ಅದರ ಹೆಸರು. ಕಾಮೆಟ್ ಅಂದರೆ ಧೂಮಕೇತು.

ಒಂದು ಹನಿ ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರೆ ಮಾಡುತ್ತೇವೆ. ಉಗುರುಬೆಚ್ಚಗಿನ ತೆಳು ಜೆಲ್‌ನಲ್ಲಿ ಬೆರೆಸಿ ಗಾಜಿನ ಸ್ಲೈಡ್ ಮೇಲೆ ಹರಡುತ್ತೇವೆ. ಉಪ್ಪು ಮತ್ತು ಸಾಬೂನಿನಂಥ ದ್ರಾವಣದಲ್ಲಿ ಮುಳುಗಿಸಿದರೆ ಕೋಶದ ಹೊದಿಕೆ ಎಲ್ಲ ಕರಗಿಹೋಗುತ್ತದೆ. ಡಿಎನ್‌ಎ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಆಮೇಲೆ ಸಣ್ಣಗೆ ಕರೆಂಟ್ ಹಾಯಿಸುತ್ತೇವೆ. ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ಮೈಕ್ರೊಸ್ಕೋಪ್‌ಗೆ ಕಣ್ಣಿಟ್ಟರೆ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಚುಕ್ಕೆಗಳು. ಹಾನಿ ಇಲ್ಲದ ಕೋಶ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಇರುತ್ತದೆ. ಡಿಎನ್‌ಎ ತುಂಡಾಗಿದ್ದರೆ ತುಂಡುಗಳು ಕರೆಂಟ್ ಎಳೆದ ಕಡೆ ಹರಿದುಹೋಗಿ ಹಿಂದೆ ಬಾಲ ಮೂಡುತ್ತದೆ. ಬಾಲ ಉದ್ದ ಮತ್ತು ಹೊಳಪು ಜಾಸ್ತಿ ಇದ್ದಷ್ಟೂ ಹಾನಿ ಜಾಸ್ತಿ. ಒಂದೊಂದು ಸ್ಲೈಡ್‌ನಲ್ಲಿ ಐವತ್ತು, ನೂರು ಕೋಶ ಎಣಿಸಬೇಕು. ನಾನು ಮೊದಲ ಸಲ ನನ್ನದೇ ರಕ್ತ ಹಾಕಿ ನೋಡಿದ ದಿನ ಚೆನ್ನಾಗಿ ನೆನಪಿದೆ. ಸಾಲಾಗಿ ಚಂದ್ರರು, ನಡುವೆ ಅಲ್ಲೊಂದು ಇಲ್ಲೊಂದು ಸಣ್ಣ ಬಾಲ. ಇದೆಲ್ಲ ನನ್ನೊಳಗೆ ದಿನಾ ನಡೆಯುತ್ತಿದೆ ಅಲ್ವಾ ಅನ್ನಿಸಿ ಸ್ವಲ್ಪ ಹೊತ್ತು ಕಣ್ಣು ತೆಗೆಯಲೇ ಇಲ್ಲ.

ಎರಡನೇ ಪ್ರಶ್ನೆ. 1997ರಲ್ಲಿ ಜರ್ಮನಿಯಲ್ಲಿ ಒಂದು ಪ್ರಯೋಗ ಆಯಿತು. ಸಿಗರೇಟ್ ಸೇದದ 23 ಗಂಡಸರು. ಮೊದಲು ಎರಡು ವಾರ ಬಣ್ಣದ ತರಕಾರಿಗಳನ್ನು ಕಡಿಮೆ ಮಾಡಿಸಿದರು. ಆಮೇಲೆ ಎರಡೆರಡು ವಾರ ಸರದಿಯ ಮೇಲೆ ದಿನಕ್ಕೆ 330 ಮಿಲಿಲೀಟರ್ ಟೊಮೆಟೊ ರಸ, ಅಷ್ಟೇ ಕ್ಯಾರೆಟ್ ರಸ, ಕೊನೆಗೆ 10 ಗ್ರಾಂ ಒಣ ಪಾಲಕ್ ಪುಡಿ. ಮೂರರಲ್ಲೂ ಡಿಎನ್‌ಎ ತುಂಡಾಗುವುದು ಕಡಿಮೆಯಾಗಿತ್ತು.

ಕಥೆ ಅಲ್ಲಿಗೇ ನಿಲ್ಲಿಸಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. 2003ರಲ್ಲಿ ಡೆನ್ಮಾರ್ಕ್‌ನವರು ಆರೋಗ್ಯವಂತರಿಗೆ 24 ದಿನ, ದಿನಕ್ಕೆ 600 ಗ್ರಾಂ ಹಣ್ಣು ತರಕಾರಿ ಕೊಟ್ಟು ನೋಡಿದರು. ಆಕ್ಸಿಜನ್‌ನಿಂದ ಆಗುವ ಡಿಎನ್‌ಎ ಹಾನಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆರೋಗ್ಯವಾಗಿರುವವರಲ್ಲಿ ಹಾನಿ ಮೊದಲೇ ಕಡಿಮೆ ಇರುತ್ತದೆ. ಅದನ್ನು ಇನ್ನೂ ಇಳಿಸುವುದು ಸುಲಭವಲ್ಲ. ಜರ್ಮನಿಯವರು ಮೊದಲು ತರಕಾರಿ ತಗ್ಗಿಸಿ ಆಮೇಲೆ ಕೊಟ್ಟಿದ್ದರು ಅನ್ನುವುದನ್ನು ಮರೆಯಬಾರದು. ನನ್ನ ಅಂದಾಜು ಇದು: ತರಕಾರಿ ತೀರಾ ಕಡಿಮೆ ತಿನ್ನುವವರಿಗೆ ಜಾಸ್ತಿ ಲಾಭ, ಈಗಾಗಲೇ ಚೆನ್ನಾಗಿ ತಿನ್ನುವವರಿಗೆ ಕಡಿಮೆ.

ಒರೆಗಲ್ಲು:

ಕೋಶಬಂಧು ಅವರು ಎರಡೂ ಕಡೆಯ ಫಲಿತಾಂಶ ಹೇಳಿದ್ದು ಸಂತೋಷ. ತಂಗಾಳಿಯವರ ಮಾತ್ರೆ ಬಾಟಲಿಯ ಬಗ್ಗೆ ನಾನೊಂದು ಮಾತು ಹೇಳಲೇಬೇಕು.

ಕ್ಯಾರೆಟ್, ಸೊಪ್ಪು ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಕಂಡುಬಂದಿತ್ತು. ಅವರ ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಅನ್ನುವ, ಕ್ಯಾರೆಟ್ಟಿಗೆ ಬಣ್ಣ ಕೊಡುವ ವಸ್ತು ಜಾಸ್ತಿ ಇತ್ತು. ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಡೋಣ ಅಂತ ಹೊರಟರು. ಫಿನ್‌ಲ್ಯಾಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಘಾತ. ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿ ಆಗಿತ್ತು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಜತೆ ವಿಟಮಿನ್ ಎ ಕೂಡ ಕೊಡುತ್ತಿದ್ದರು. ಅಲ್ಲಿ ಶೇಕಡಾ 28ರಷ್ಟು ಜಾಸ್ತಿ. 1996ರ ಜನವರಿಯಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು.

ಇವರಾರೂ ತರಕಾರಿ ತಿಂದು ಕೆಟ್ಟವರಲ್ಲ. ತರಕಾರಿಯಿಂದ ಒಂದನ್ನೇ ಹೆಕ್ಕಿ, ಅದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಿದ್ದರಿಂದ ಹೀಗಾಯಿತು. ಆ ಜನರಿಗೆ ಒಳ್ಳೆಯದಾಗಲಿ ಅಂತಲೇ ಎಲ್ಲರೂ ದುಡಿದಿದ್ದರು. ನನಗೆ ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಇನ್ನೊಂದು. ಈರುಳ್ಳಿಯಲ್ಲಿ ಕ್ವೆರ್ಸೆಟಿನ್ ಅಂತ ಒಂದು ವಸ್ತು ಇದೆ, ಡಿಎನ್‌ಎ ಕಾಯುತ್ತದೆ ಅಂತ ಅದಕ್ಕೂ ಹೆಸರಿದೆ. ಅದನ್ನೇ ಏಮ್ಸ್ ಪರೀಕ್ಷೆಗೆ ಹಾಕಿದರೆ, ಅಂದರೆ ಬ್ಯಾಕ್ಟೀರಿಯಾಗಳ ಡಿಎನ್‌ಎ ಬದಲಾಗುತ್ತದಾ ಅಂತ ನೋಡುವ ಪರೀಕ್ಷೆಗೆ ಹಾಕಿದರೆ, ಬದಲಾಗುತ್ತದೆ! ನಮ್ಮ ದೇಹದಲ್ಲಿ ಕರುಳು ಮತ್ತು ಲಿವರ್ ಅದರ ರೂಪ ಬದಲಿಸಿಬಿಡುವುದರಿಂದ ಈರುಳ್ಳಿ ತಿನ್ನುವವರು ಹೆದರಬೇಕಿಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ಕಂಡದ್ದನ್ನು ನೇರವಾಗಿ ಮನುಷ್ಯರಿಗೆ ಹಚ್ಚಬಾರದು. ಒಳ್ಳೆಯದಕ್ಕೂ ಇದೇ ಮಾತು, ಕೆಟ್ಟದ್ದಕ್ಕೂ ಇದೇ ಮಾತು.

ಚಿಗುರುಬಳ್ಳಿ:

ನಾನು ಸಸ್ಯಶಾಸ್ತ್ರ ಪಾಠ ಮಾಡುವವಳು. ಗಿಡದ ಕಡೆಯಿಂದಲೂ ಸ್ವಲ್ಪ ನೋಡೋಣ. ಗಿಡಗಳು ಇವನ್ನೆಲ್ಲ ನಮಗೋಸ್ಕರ ತಯಾರಿಸುವುದಿಲ್ಲ. ಹುಳ, ಬೂಷ್ಟು, ಮೇಯುವ ಪ್ರಾಣಿಗಳಿಂದ ತಪ್ಪಿಸಿಕೊಳ್ಳಲು ತಯಾರಿಸುತ್ತವೆ. ಓಡಿಹೋಗಲು ಕಾಲಿಲ್ಲವಲ್ಲ. ಏಮ್ಸ್ ಪರೀಕ್ಷೆ ಕಂಡುಹಿಡಿದ ಬ್ರೂಸ್ ಏಮ್ಸ್ ಅವರೇ 1990ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಅಮೆರಿಕನ್ನರು ಊಟದಲ್ಲಿ ಸೇವಿಸುವ ಕೀಟನಾಶಕಗಳಲ್ಲಿ ತೂಕದ ಪ್ರಕಾರ ಶೇಕಡಾ 99.99 ಗಿಡಗಳು ತಾವೇ ತಯಾರಿಸಿಕೊಂಡದ್ದು ಅಂತ.

ಎಲೆಕೋಸು, ಹೂಕೋಸು, ಬ್ರೊಕೊಲಿ, ಮೂಲಂಗಿ, ಸಾಸಿವೆ ಎಲ್ಲ ಒಂದೇ ಕುಟುಂಬ. ಇವುಗಳ ಎಲೆಯಲ್ಲಿ ಗ್ಲುಕೊಸಿನೊಲೇಟ್ ಅನ್ನುವ ಸಾಧು ವಸ್ತು ಒಂದು ಕಡೆ ಇರುತ್ತದೆ. ಮೈರೊಸಿನೇಸ್ ಅನ್ನುವ ಕಿಣ್ವ ಬೇರೆ ಕೋಶಗಳಲ್ಲಿ ಇರುತ್ತದೆ. ಎಲೆ ಹಾಗೇ ಇದ್ದರೆ ಇವೆರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಹುಳ ಕಚ್ಚಿದಾಗ, ಅಥವಾ ಚಾಕು ಬಿದ್ದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಆಗ ಘಾಟು ಹುಟ್ಟುತ್ತದೆ.

ಒಂದು ಹಸಿ ಮೂಲಂಗಿ ಚೂರು ಬಾಯಿಗೆ ಹಾಕಿ ನಿಧಾನ ಅಗಿದು ನೋಡಿ. ಮೊದಲ ಕಡಿತಕ್ಕೆ ತಣ್ಣಗೆ, ಸ್ವಲ್ಪ ಸಿಹಿ. ಎರಡು ಮೂರು ಸಲ ಅಗಿದ ಮೇಲೆ ಮೂಗಿಗೆ ಏರುತ್ತದೆ. ಆ ಏರುವ ಕ್ಷಣದಲ್ಲೇ ಐಸೊಥಯೊಸಯನೇಟ್ ಅನ್ನುವ ಘಾಟಿನ ವಸ್ತು ಹುಟ್ಟುತ್ತಿದೆ, ನಿಮ್ಮ ಹಲ್ಲಿನ ನಡುವೆ. ಸಲ್ಫೊರಾಫೇನ್ ಕೂಡ ಅದೇ ಮನೆತನದ್ದು. ಅಂದರೆ ಬ್ರೊಕೊಲಿ ಹೂವಿನಲ್ಲಿ ಸಲ್ಫೊರಾಫೇನ್ ಸಿದ್ಧವಾಗಿ ಕೂತಿರುವುದಿಲ್ಲ. ಕತ್ತರಿಸಿದ ಮೇಲೆ ಹುಟ್ಟುತ್ತದೆ.

ಕೋಸಿನ ಬಿಳಿ ಚಿಟ್ಟೆಯ ಹುಳ ಮಾತ್ರ ಇದಕ್ಕೆ ದಾರಿ ಕಂಡುಕೊಂಡಿದೆ. ಘಾಟು ಹುಟ್ಟುವ ಕಡೆಯಿಂದ ಬೇರೆ ವಸ್ತುವಿನ ಕಡೆಗೆ ತಿರುಗಿಸಿಬಿಡುವ ಪ್ರೋಟೀನ್ ಅದರ ಹೊಟ್ಟೆಯಲ್ಲಿದೆ. ತಾಯಿ ಚಿಟ್ಟೆ ಎಲೆಯ ಗ್ಲುಕೊಸಿನೊಲೇಟಿನ ಗುರುತು ಹಿಡಿದು ಬಂದು ಮೊಟ್ಟೆ ಇಡುತ್ತದೆ.

ತಂಗಾಳಿ:

ಚಿಗುರುಬಳ್ಳಿ ಅಕ್ಕ, ಈಗ ತಾನೇ ಮೂಲಂಗಿ ಅಗಿದು ನೋಡಿ ಬಂದೆ. ನೀವು ಹೇಳಿದ ಹಾಗೇ ಆಯಿತು. ಇಷ್ಟು ವರ್ಷ ತಿಂದಿದ್ದೇನೆ, ಒಂದು ದಿನವೂ ಗಮನಿಸಿರಲಿಲ್ಲ.

ಹಾಗಾದರೆ ಬೇಯಿಸಿದರೆ ಏನಾಗುತ್ತದೆ? ನಾನು ಕೋಸನ್ನು ಹಸಿಯಾಗಿ ತಿನ್ನಲಾರೆ, ಹೊಟ್ಟೆ ಉಬ್ಬರಿಸುತ್ತದೆ.

ಚಿಗುರುಬಳ್ಳಿ:

ಬಿಸಿ ತಾಗಿದರೆ ಮೈರೊಸಿನೇಸ್ ಸಾಯುತ್ತದೆ. ಗ್ಲುಕೊಸಿನೊಲೇಟ್ ಬಿಸಿಗೆ ಅಷ್ಟು ಬೇಗ ಹಾಳಾಗುವುದಿಲ್ಲ, ಆದರೆ ನೀರಿಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ತುಂಬಾ ನೀರಲ್ಲಿ ಕುದಿಸಿ ನೀರು ಚೆಲ್ಲಿದರೆ ಎರಡೂ ಹೋದ ಹಾಗೆ. ಕತ್ತರಿಸಿ, ಅರ್ಧ ಮುಕ್ಕಾಲು ಗಂಟೆ ಹಾಗೇ ಬಿಟ್ಟು, ಆಮೇಲೆ ಬೇಯಿಸಿ. ಅಷ್ಟರಲ್ಲಿ ಆಗಬೇಕಾದ್ದು ಬಹಳಷ್ಟು ಆಗಿರುತ್ತದೆ. ಸಣ್ಣಗೆ ಹೆಚ್ಚಿದಷ್ಟೂ ಒಳ್ಳೆಯದು. ಆವಿಯಲ್ಲಿ ಮೂರ್ನಾಲ್ಕು ನಿಮಿಷ ಬೇಯಿಸಿದರೆ ಕಿಣ್ವವೂ ಒಂದಿಷ್ಟು ಉಳಿಯುತ್ತದೆ. ಕಿಣ್ವ ಪೂರ್ತಿ ಸತ್ತರೂ ಕರುಳಿನ ಬ್ಯಾಕ್ಟೀರಿಯಾಗಳು ಸ್ವಲ್ಪ ಕೆಲಸ ಮಾಡುತ್ತವೆ, ಆದರೆ ಅದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ಬೆಳ್ಳುಳ್ಳಿಯದ್ದೂ ಇದೇ ಕಥೆ. ಇಲ್ಲಿ ಅಲಿನ್ ಅನ್ನುವ ವಸ್ತು ಮತ್ತು ಅಲಿನೇಸ್ ಅನ್ನುವ ಕಿಣ್ವ ಸೇರಿ ಅಲಿಸಿನ್ ಅನ್ನುವ ಘಾಟು ಆಗಬೇಕು. 1999ರಲ್ಲಿ ಇಲಿಗಳ ಮೇಲೆ ಒಂದು ಅಚ್ಚುಕಟ್ಟಾದ ಪ್ರಯೋಗ ಮಾಡಿದ್ದರು. ಕ್ಯಾನ್ಸರ್ ತರುವ ಒಂದು ರಾಸಾಯನಿಕ ಸ್ತನದ ಕೋಶಗಳ ಡಿಎನ್‌ಎಗೆ ಎಷ್ಟು ಅಂಟಿಕೊಳ್ಳುತ್ತದೆ ಅಂತ ನೋಡಿದರು. ಹಸಿ ಬೆಳ್ಳುಳ್ಳಿ ತಿಂದ ಇಲಿಗಳಲ್ಲಿ ಕಡಿಮೆ ಅಂಟಿತು. ಬೆಳ್ಳುಳ್ಳಿಯನ್ನು ಬರೀ 60 ಸೆಕೆಂಡ್ ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿದರೆ ಆ ಗುಣ ಮಾಯ. ಜಜ್ಜಿ 10 ನಿಮಿಷ ಬಿಟ್ಟು ಆಮೇಲೆ ಬಿಸಿ ಮಾಡಿದರೆ ಗುಣ ಪೂರ್ತಿ ಹೋಗಲಿಲ್ಲ.

ಟೊಮೆಟೊಗೆ ಇದನ್ನು ಹಚ್ಚಬೇಡಿ, ಅದು ತೀರಾ ಉಲ್ಟಾ. ಅದರ ಕೆಂಪು ಲೈಕೊಪಿನ್ ಎಣ್ಣೆಯಲ್ಲಿ ಕರಗುವಂಥದ್ದು. ಎಣ್ಣೆ ಹಾಕಿ ಬೇಯಿಸಿದಾಗ ದೇಹಕ್ಕೆ ಜಾಸ್ತಿ ಸೇರುತ್ತದೆ ಅಂತ 1992ರಲ್ಲೇ ತೋರಿಸಿದ್ದಾರೆ.

ಬೆಳದಿಂಗಳು:

ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನಮ್ಮ ಯಜಮಾನರಿಗೆ ಕೀಮೊ ನಡೆಯುತ್ತಿದೆ. ಮೂರು ಸರದಿ ಆಯಿತು. ಡಿಎನ್‌ಎ ಕಾಯುತ್ತದೆ ಅಂತ ಯಾರೋ ಹೇಳಿದರು ಅಂತ ನಾನು ದಿನಾ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಮತ್ತು ಬ್ರೊಕೊಲಿ ಸಾರದ ಮಾತ್ರೆ ಕೊಡುತ್ತಿದ್ದೇನೆ. ಡಾಕ್ಟರಿಗೆ ಹೇಳಿಲ್ಲ. ಇದನ್ನು ಓದುತ್ತಾ ಕೈ ನಡುಗುತ್ತಿದೆ.

ಕೋಶಬಂಧು:

ಅಮ್ಮಾ, ಗಾಬರಿಯಾಗಬೇಡಿ. ಆದರೆ ನಾಳೆ ಬೆಳಿಗ್ಗೆಯೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ. ಬಾಟಲಿಗಳ ಮೇಲೆ ಬರೆದಿರುವುದನ್ನು ಹಾಗೇ ಓದಿ ಹೇಳಿ. ಅವರ ಉತ್ತರ ಬರುವವರೆಗೆ ಆ ಮಾತ್ರೆ ಬೇಡ.

ಕಾರಣ ಹೇಳುತ್ತೇನೆ. ಕೀಮೊದ ಎಷ್ಟೋ ಔಷಧಿಗಳು ಮತ್ತು ರೇಡಿಯೇಶನ್ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಒಡೆದೇ ಅದನ್ನು ಕೊಲ್ಲುತ್ತವೆ. ಹಾನಿಯೇ ಅಲ್ಲಿ ಔಷಧಿ. ನಾನು ಮೇಲೆ ಹೇಳಿದ ಎನ್‌ಆರ್‌ಎಫ್2 ಎಲ್ಲ ಕೋಶಗಳಲ್ಲೂ ಇದೆ. ಕ್ಯಾನ್ಸರ್ ಕೋಶದಲ್ಲೂ ಇದೆ. ಕೆಲವು ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಕೀಪ್1 ಕೆಟ್ಟುಹೋಗಿ ಎನ್‌ಆರ್‌ಎಫ್2 ಸದಾ ಎದ್ದೇ ಇರುತ್ತದೆ. ಆ ಗೆಡ್ಡೆಗಳಿಗೆ ಔಷಧಿ ಸರಿಯಾಗಿ ನಾಟುವುದಿಲ್ಲ. ಆರೋಗ್ಯವಂತ ಕೋಶಕ್ಕೆ ಕೊಡೆಯಾಗುವುದು ಗೆಡ್ಡೆಗೂ ಕೊಡೆಯಾಗಬಹುದು.

ಊಟದಲ್ಲಿ ಬರುವ ತರಕಾರಿ ಬೇರೆ, ಮಾತ್ರೆ ಬೇರೆ. ಊಟದ ಬಗ್ಗೆಯೂ ಅವರನ್ನೇ ಕೇಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಹಸಿರು ಸೊಪ್ಪನ್ನು ಇದ್ದಕ್ಕಿದ್ದ ಹಾಗೆ ಜಾಸ್ತಿ ಮಾಡಬಾರದು. ಅದರಲ್ಲಿರುವ ವಿಟಮಿನ್ ಕೆ ಔಷಧಿಯ ಕೆಲಸ ಕುಗ್ಗಿಸುತ್ತದೆ.

ಮೂರುಸಂಜೆ:

ಮಾತ್ರೆ ಬೇಡ, ಲ್ಯಾಬ್ ಇಲಿಯೂ ಬೇಡ. ನಿಜವಾದ ಜನರಲ್ಲಿ, ನಿಜವಾದ ವಿಷದ ಎದುರು ಇದು ಕೆಲಸ ಮಾಡಿದ ಉದಾಹರಣೆ ಇದೆಯಾ?

ಕೋಶಬಂಧು:

ಇದೆ. ಚೀನಾದಲ್ಲಿ ಚಿಡಾಂಗ್ ಅಂತ ಒಂದು ಜಾಗ. ಅಲ್ಲಿ ಲಿವರ್ ಕ್ಯಾನ್ಸರ್ ತುಂಬಾ ಜಾಸ್ತಿ ಇತ್ತು. ಎರಡು ಕಾರಣ, ಹೆಪಟೈಟಿಸ್ ಬಿ ಮತ್ತು ಬೂಷ್ಟು ಹಿಡಿದ ಧಾನ್ಯದಲ್ಲಿ ಬರುವ ಅಫ್ಲಾಟಾಕ್ಸಿನ್. ಈ ಅಫ್ಲಾಟಾಕ್ಸಿನ್ ಲಿವರ್‌ನಲ್ಲಿ ರೂಪ ಬದಲಿಸಿಕೊಂಡು ನೇರವಾಗಿ ಗ್ವಾನಿನ್‌ಗೆ ಅಂಟಿಕೊಳ್ಳುತ್ತದೆ. ಕೋಶ ಅದನ್ನು ಕಿತ್ತು ಎಸೆದಾಗ ಮೂತ್ರದಲ್ಲಿ ಬರುತ್ತದೆ. ಅಂದರೆ ಮೂತ್ರ ನೋಡಿ ಡಿಎನ್‌ಎಗೆ ಎಷ್ಟು ಪೆಟ್ಟು ಬಿತ್ತು ಅಂತ ಅಂದಾಜು ಮಾಡಬಹುದು.

ಅಲ್ಲಿ 180 ಜನರಲ್ಲಿ ಅರ್ಧದಷ್ಟು ಮಂದಿಗೆ ಕ್ಲೋರೊಫಿಲಿನ್ ಕೊಟ್ಟರು. ಎಲೆಯ ಹಸಿರಿನಿಂದ ತಯಾರಿಸುವ ವಸ್ತು ಅದು. ಊಟದ ಜತೆ 100 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ನಾಲ್ಕು ತಿಂಗಳು. ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. 2001ರಲ್ಲಿ ಫಲಿತಾಂಶ ಬಂತು. ಕ್ಲೋರೊಫಿಲಿನ್ ಗುಂಪಿನಲ್ಲಿ ಆ ಅಂಟಿದ ಗುರುತು ಶೇಕಡಾ 55ರಷ್ಟು ಕಡಿಮೆ. ಕರುಳಿನಲ್ಲೇ ಅದು ಅಫ್ಲಾಟಾಕ್ಸಿನ್ ಅನ್ನು ತಬ್ಬಿ ಹಿಡಿದು ಒಳಗೆ ಹೋಗದ ಹಾಗೆ ಮಾಡುತ್ತದೆ ಅಂತ ತಿಳಿಯಲಾಗಿದೆ.

ಅದೇ ಊರಿನ ಕಡೆ ಇನ್ನೊಂದು ಪ್ರಯೋಗ. ಈ ಸಲ ಬ್ರೊಕೊಲಿ ಮೊಳಕೆಯ ಪಾನೀಯ, 291 ಜನ, 12 ವಾರ. ಮೂರು ದಿನದ ಬ್ರೊಕೊಲಿ ಮೊಳಕೆಯಲ್ಲಿ ಬೆಳೆದ ಹೂವಿಗಿಂತ ಸಲ್ಫೊರಾಫೇನ್ ಹುಟ್ಟುವ ಮೂಲವಸ್ತು 10ರಿಂದ 100 ಪಟ್ಟು ಇರುತ್ತದೆ ಅಂತ ಪಾಲ್ ತಲಾಲೆ ಅವರ ತಂಡ 1997ರಲ್ಲೇ ಕಂಡುಕೊಂಡಿತ್ತು. ಸಲ್ಫೊರಾಫೇನ್ ಅನ್ನು ಬ್ರೊಕೊಲಿಯಿಂದ 1992ರಲ್ಲಿ ಬೇರೆ ಮಾಡಿ ತೋರಿಸಿದವರೂ ಅವರೇ. ಪಾನೀಯ ಕುಡಿದವರ ಮೂತ್ರದಲ್ಲಿ ಕೆಟ್ಟ ಗಾಳಿಯಿಂದ ಬರುವ ಬೆಂಜೀನ್ ಅನ್ನುವ ವಿಷ ಶೇಕಡಾ 61ರಷ್ಟು ಜಾಸ್ತಿ ಹೊರಬಂತು. ಮೊದಲ ದಿನದಿಂದ 12ನೇ ವಾರದವರೆಗೂ ಹಾಗೇ. 2014ರಲ್ಲಿ ಪ್ರಕಟವಾಯಿತು.

ಒರೆಗಲ್ಲು:

ಇದನ್ನು ಒಪ್ಪುತ್ತೇನೆ. ಒಂದು ಗೆರೆ ಮಾತ್ರ ಸೇರಿಸುತ್ತೇನೆ. ಎರಡೂ ಕಡೆ ಅಳೆದದ್ದು ಗುರುತುಗಳನ್ನು. ಕ್ಯಾನ್ಸರ್ ಬಂದವರನ್ನು ಎಣಿಸಿದ್ದಲ್ಲ.

ಚಿಗುರುಬಳ್ಳಿ:

ಸೊಪ್ಪಿನ ಫೋಲೇಟ್ ಅನ್ನು ಯಾರೂ ಹೇಳಲೇ ಇಲ್ಲವಲ್ಲ. ಅದು ವಿಟಮಿನ್, ನಿಜ. ಆದರೆ ಅದು ಕಡಿಮೆಯಾದರೆ ಕೋಶ ಡಿಎನ್‌ಎಯಲ್ಲಿ ಥೈಮಿನ್ ಇಡಬೇಕಾದ ಕಡೆ ಯುರಾಸಿಲ್ ಇಟ್ಟುಬಿಡುತ್ತದೆ. ಅದನ್ನು ಕಿತ್ತು ತೆಗೆಯುವಾಗ ಎಳೆಯೇ ತುಂಡಾಗುತ್ತದೆ. ಇದೂ ಕುದಿಸಿದ ನೀರಿಗೆ ಹೋಗುವಂಥದ್ದು. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ.

ಬೆಳದಿಂಗಳು:

ಡಾಕ್ಟರಿಗೆ ಫೋನ್ ಮಾಡಿದೆ. ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಎರಡೂ ನಿಲ್ಲಿಸಿ, ಊಟ ಎಂದಿನ ಹಾಗೇ ಇರಲಿ ಅಂದರು. ಇವರಿಗೂ ಹೇಳಿದೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ತಂಗಾಳಿ:

ಬೆಳದಿಂಗಳು ಅಮ್ಮ, ಮನಸ್ಸು ಹಗುರವಾಯಿತು. ನಾನೂ ಒಂದು ಕೆಲಸ ಮಾಡಿದೆ. ಬರುವ ಗುರುವಾರಕ್ಕೆ ಕೊಲೊನೊಸ್ಕೊಪಿ ದಿನ ಗೊತ್ತಾಗಿದೆ. ಅಣ್ಣನೂ ಮಾಡಿಸಿಕೊಳ್ಳುತ್ತಾನಂತೆ, ಜತೆಗೇ ಬರುತ್ತಾನೆ. ಮಾತ್ರೆ ಬಾಟಲಿಯನ್ನು ಕೊಟ್ಟವರಿಗೇ ಹಿಂದಿರುಗಿಸಿದೆ, ಕಾರಣವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

ಕೊನೆಗೆ ಒಂದು ಸಣ್ಣ ಪ್ರಶ್ನೆ. ಫ್ರೀಜರ್‌ನಲ್ಲಿ ಪ್ಯಾಕೆಟ್ ಬ್ರೊಕೊಲಿ ಇದೆ. ಅದನ್ನು ಕತ್ತರಿಸಿ ಬಿಟ್ಟರೂ ಸಾಕಾ?

ಚಿಗುರುಬಳ್ಳಿ:

ಸಾಕಾಗುವುದಿಲ್ಲ ತಂಗಿ. ಪ್ಯಾಕ್ ಮಾಡುವ ಮೊದಲು ಬಿಸಿ ನೀರಲ್ಲಿ ಅದ್ದಿ ತೆಗೆದಿರುತ್ತಾರೆ, ಕಿಣ್ವ ಅಲ್ಲೇ ಸತ್ತಿರುತ್ತದೆ. ಬೇಯಿಸಿ ಇಳಿಸಿ. ಬಾಯಿಗೆ ಹಾಕುವಷ್ಟು ಬೆಚ್ಚಗಾದ ಮೇಲೆ ಹಸಿ ಸಾಸಿವೆಯ ಪುಡಿ ಒಂದು ಚಿಟಿಕೆ ಉದುರಿಸಿ ಕಲಸಿ. ಸಾಸಿವೆಯ ಮೈರೊಸಿನೇಸ್ ಜೀವಂತವಾಗಿರುತ್ತದೆ, ಬ್ರೊಕೊಲಿಯ ಕೆಲಸವನ್ನು ಅದು ಮಾಡುತ್ತದೆ. ಹುರಿದ ಸಾಸಿವೆ ಆಗುವುದಿಲ್ಲ. ಅದು ಇಲ್ಲದಿದ್ದರೆ ಹಸಿ ಮೂಲಂಗಿಯನ್ನು ತುರಿದು ಹಾಕಿದರೂ ಆದೀತು. ಗುರುವಾರದ ತಪಾಸಣೆಗೆ ಮುಂಚೆ ಏನು ತಿನ್ನಬಹುದು, ಏನು ಬಿಡಬೇಕು ಅಂತ ಆಸ್ಪತ್ರೆಯವರು ಒಂದು ಚೀಟಿ ಕೊಟ್ಟಿರುತ್ತಾರೆ. ಇದೆಲ್ಲ ಅದಾದ ಮೇಲೆ.